ವಿದೇಶಿ ಸಶಸ್ತ್ರ ಸಂಘಟನೆಗಳ ನಿಷೇಧ: ಎಲ್‌ಟಿಟಿಇ ಮತ್ತು ಕರ್ನಾಟಕ

ಬೇರೆ ದೇಶದಲ್ಲಿ ಹುಟ್ಟಿ, ಅಲ್ಲಿನ ನೆಲಕ್ಕಾಗಿಯೋ ಅಧಿಕಾರಕ್ಕಾಗಿಯೋ ಬಂದೂಕು ಹಿಡಿದ ಗುಂಪನ್ನು ಸರ್ಕಾರ ಭಯೋತ್ಪಾದಕ ಸಂಘಟನೆ ಎಂದು ಹೆಸರಿಸಿ ರಾಜಪತ್ರದಲ್ಲಿ ಪ್ರಕಟಿಸುವ ಕ್ರಮಕ್ಕೆ ಆಡುಮಾತಿನಲ್ಲಿ ನಿಷೇಧ ಎನ್ನುತ್ತೇವೆ. ಭಾರತದಲ್ಲಿ ಇದಕ್ಕೆ ಆಧಾರ 1967ರ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, ಅಂದರೆ ಯುಎಪಿಎ. ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು. ಹೆಸರು ಪಟ್ಟಿಗೆ ಸೇರಿತೆಂದರೆ ಆ ಗುಂಪಿನ ಸದಸ್ಯನಾಗುವುದು, ಅದಕ್ಕೆ ಹಣ ಕೂಡಿಸುವುದು, ಅದರ ಕೆಲಸಕ್ಕೆ ಬಲ ತುಂಬಲೆಂದು ಸಭೆ ಸೇರಿಸುವುದು ಶಿಕ್ಷಾರ್ಹ ಅಪರಾಧಗಳಾಗುತ್ತವೆ.

ಗುಂಪಿನ ನಾಯಕರು ಕಡಲಾಚೆ ಇರುತ್ತಾರೆ. ದೆಹಲಿಯಲ್ಲಿ ಅಚ್ಚಾದ ಅಧಿಸೂಚನೆಯಿಂದ ಅವರ ದಿನಚರಿ ಬದಲಾಗುವುದು ಕಡಿಮೆ. ಅದರ ಬಿಸಿ ತಟ್ಟುವುದು ಈ ನೆಲದಲ್ಲಿರುವವರಿಗೆ: ಮನೆ ಬಾಡಿಗೆಗೆ ಕೊಟ್ಟವರಿಗೆ, ವೇದಿಕೆ ಹತ್ತಿ ಮಾತಾಡಿದವರಿಗೆ, ಅದೇ ಭಾಷೆಯಾಡುವ ಕೂಲಿಯವರಿಗೆ, ಅದೇ ಊರಿನ ಹೆಸರು ಹೊತ್ತವರಿಗೆ. ಹಾಗಾಗಿ ಈ ಕಾನೂನನ್ನು ಗೃಹ ಸಚಿವಾಲಯದ ಕಡತಗಳ ಜೊತೆಗೆ ಊರುಗಳ ಕಡೆಯಿಂದಲೂ ಓದಬೇಕಾಗುತ್ತದೆ. ಕರ್ನಾಟಕದ ಮಟ್ಟಿಗೆ ಇದರ ಅತಿ ಹತ್ತಿರದ, ಅತಿ ದೀರ್ಘವಾದ ಪ್ರಕರಣ ಶ್ರೀಲಂಕಾದ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳದು.

ಅತಿಥಿಯಾಗಿ ಬಂದವರು

1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ಸಾರ್ಕ್ ದೇಶಗಳ ಎರಡನೆಯ ಶೃಂಗಸಭೆ ನಡೆಯಿತು. ಆಗ ರಾಮಕೃಷ್ಣ ಹೆಗಡೆ ರಾಜ್ಯದ ಮುಖ್ಯಮಂತ್ರಿ. ಶ್ರೀಲಂಕಾ ಅಧ್ಯಕ್ಷ ಜೆ. ಆರ್. ಜಯವರ್ಧನೆ ಮತ್ತು ಪ್ರಧಾನಿ ರಾಜೀವ್ ಗಾಂಧಿ ಇಬ್ಬರೂ ಊರಿನಲ್ಲಿದ್ದ ಆ ದಿನಗಳಲ್ಲೇ ಎಲ್‌ಟಿಟಿಇ ಮುಖ್ಯಸ್ಥ ವೇಲುಪಿಳ್ಳೈ ಪ್ರಭಾಕರನ್ ಅವರನ್ನು ಭಾರತ ಸರ್ಕಾರ ಬೆಂಗಳೂರಿಗೆ ಕರೆಸಿಕೊಂಡಿತು. ತಮಿಳುನಾಡಿನ ಮುಖ್ಯಮಂತ್ರಿ ಎಂ. ಜಿ. ರಾಮಚಂದ್ರನ್ ಕೂಡ ಬಂದಿದ್ದರು. ಲಂಕೆಯ ಪೂರ್ವ ಪ್ರಾಂತ್ಯವನ್ನು ವಿಂಗಡಿಸುವ ಸೂತ್ರವೊಂದನ್ನು ಹುಲಿಗಳಿಂದ ಒಪ್ಪಿಸುವ ಯತ್ನ ಅದು. ಪ್ರಭಾಕರನ್ ಒಪ್ಪಲಿಲ್ಲ. ಅದಕ್ಕೆ ಕೆಲವೇ ದಿನ ಮೊದಲು ತಮಿಳುನಾಡು ಪೊಲೀಸರು ಲಂಕಾ ತಮಿಳು ಗುಂಪುಗಳ ಆಯುಧಗಳನ್ನು ವಶಪಡಿಸಿಕೊಂಡಿದ್ದರು. ಒಂದು ಕೈಯಲ್ಲಿ ಮಾತುಕತೆ, ಇನ್ನೊಂದು ಕೈಯಲ್ಲಿ ಜಪ್ತಿ.

ಇದನ್ನು ಇಲ್ಲಿ ವಿವರವಾಗಿ ಹೇಳಲು ಕಾರಣವಿದೆ. 1983ರಲ್ಲಿ ಕೊಲಂಬೊದಲ್ಲಿ ನಡೆದ ತಮಿಳರ ಹತ್ಯಾಕಾಂಡದ ನಂತರ ಭಾರತ ಎಲ್‌ಟಿಟಿಇಯೂ ಸೇರಿದಂತೆ ಹಲವು ಲಂಕಾ ತಮಿಳು ಗುಂಪುಗಳಿಗೆ ತರಬೇತಿ ಮತ್ತು ಆಯುಧ ಒದಗಿಸಿತ್ತು. ಕೊಲಂಬೊಗೆ ಭಯೋತ್ಪಾದಕರಾದವರು ದೆಹಲಿಗೆ ಆ ವರ್ಷಗಳಲ್ಲಿ ಹೋರಾಟಗಾರರು. ಭಯೋತ್ಪಾದನೆ ದಮನಕ್ಕಾಗಿ ಸಾರ್ಕ್ ದೇಶಗಳು ಪ್ರಾದೇಶಿಕ ಒಪ್ಪಂದವೊಂದಕ್ಕೆ ಸಹಿ ಹಾಕಿದ್ದು ಬೆಂಗಳೂರು ಸಭೆಯ ಮರುವರ್ಷ, 1987ರ ನವೆಂಬರಿನಲ್ಲಿ, ಕಠ್ಮಂಡುವಿನಲ್ಲಿ. ಅಷ್ಟರಲ್ಲಿ ಭಾರತ ಲಂಕೆಗೆ ಕಳಿಸಿದ್ದ ಶಾಂತಿಪಾಲನಾ ಪಡೆ ಅಲ್ಲಿ ಹುಲಿಗಳ ವಿರುದ್ಧವೇ ಯುದ್ಧಕ್ಕೆ ಇಳಿದಿತ್ತು.

ಆ ಯುದ್ಧದಲ್ಲಿ ಸುಮಾರು 1,200 ಭಾರತೀಯ ಯೋಧರು ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಿಂದಿರುಗಿತು. ಇಷ್ಟಾದರೂ ಭಾರತದ ಕಾನೂನಿನಲ್ಲಿ ಎಲ್‌ಟಿಟಿಇ ನಿಷೇಧಿತ ಸಂಘಟನೆ ಆಗಿರಲಿಲ್ಲ. ನಮ್ಮ ಸೈನಿಕರನ್ನು ಕೊಲ್ಲುತ್ತಿದ್ದ ಗುಂಪಿನ ಗಾಯಾಳುಗಳು ಇದೇ ದೇಶದಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಒಂದು ಗುಂಪು ಎಷ್ಟು ಕ್ರೂರ ಎನ್ನುವುದರ ಮೇಲಷ್ಟೇ ನಿಷೇಧ ನಿಂತಿರುವುದಿಲ್ಲ, ಹೆಸರಿಸುವ ಸರ್ಕಾರಕ್ಕೆ ಆ ಹೊತ್ತಿನಲ್ಲಿ ಆ ಗುಂಪು ಏನಾಗಿತ್ತು ಎನ್ನುವುದೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಕೋಣನಕುಂಟೆ, 1991

1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ತನಿಖೆಗೆ ರಚನೆಯಾದ ಸಿಬಿಐ ವಿಶೇಷ ತಂಡದ ಮುಖ್ಯಸ್ಥ ಡಿ. ಆರ್. ಕಾರ್ತಿಕೇಯನ್ ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ. ಸಂಚಿನ ಸೂತ್ರಧಾರಿ ಶಿವರಾಸನ್, ಆತನ ಸಂಗಡಿಗಳಾದ ಶುಭಾ ಮತ್ತಿತರರು ಜೂನ್ ಕೊನೆಯ ಹೊತ್ತಿಗೆ ಟ್ಯಾಂಕರ್ ಲಾರಿಯಲ್ಲಿ ಅಡಗಿ ಚೆನ್ನೈ ಬಿಟ್ಟು ಬೆಂಗಳೂರು ಸೇರಿದರು. ಇಂದಿರಾನಗರ ಮೊದಲಾದ ಕಡೆ ತಲೆಮರೆಸಿಕೊಂಡು, ಆಗಸ್ಟ್‌ನಲ್ಲಿ ನಗರದ ದಕ್ಷಿಣ ಅಂಚಿನ ಕೋಣನಕುಂಟೆಯ ಒಂದು ಮನೆಗೆ ಬಂದರು.

ಅದೇ ವಾರ ಮಂಡ್ಯ ಜಿಲ್ಲೆಯ ಮುತ್ತತ್ತಿ ಮತ್ತು ಬಿರೂಟದಲ್ಲಿ ಅಡಗಿಸಿಟ್ಟಿದ್ದ ಎಲ್‌ಟಿಟಿಇ ಗಾಯಾಳುಗಳ ಸುಳಿವು ಪೊಲೀಸರಿಗೆ ಸಿಕ್ಕಿತು. ಪೊಲೀಸರು ಹತ್ತಿರ ಬರುತ್ತಿದ್ದಂತೆ ಅವರಲ್ಲಿ ಹೆಚ್ಚಿನವರು ಕೊರಳಲ್ಲಿದ್ದ ಸಯನೈಡ್ ಗುಳಿಗೆ ಕಚ್ಚಿ ಸತ್ತರು. ಕೋಣನಕುಂಟೆಯ ಮನೆಯನ್ನು ಸುತ್ತುವರಿದ ಪೊಲೀಸರು, ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊಗಳು ಜೀವಂತ ಹಿಡಿಯಬೇಕೆಂದು ಕಾದರು. ಆಗಸ್ಟ್ 20ರ ಬೆಳಗಿನ ಜಾವ ಒಳನುಗ್ಗಿದಾಗ ಏಳು ಹೆಣಗಳಿದ್ದವು. ಶಿವರಾಸನ್ ತನ್ನ ತಲೆಗೆ ಗುಂಡು ಹಾರಿಸಿಕೊಂಡಿದ್ದ, ಉಳಿದವರು ಸಯನೈಡ್ ತಿಂದಿದ್ದರು. ಅಂದು ರಾಜೀವ್ ಗಾಂಧಿ ಹುಟ್ಟಿದ ದಿನ. ಹದಿನೈದು ವರ್ಷದ ಮೇಲೆ ಎ. ಎಂ. ಆರ್. ರಮೇಶ್ ನಿರ್ದೇಶಿಸಿದ ‘ಸಯನೈಡ್’ ಸಿನಿಮಾದಿಂದ ಈ ಕೊನೆಯ ದಿನಗಳು ಹೊಸ ತಲೆಮಾರಿನ ಕನ್ನಡಿಗರಿಗೂ ಪರಿಚಯವಾದವು.

ಹೀಗೆ ಕೋಣನಕುಂಟೆಯ ಮನೆ ಸ್ಮಶಾನವಾದ ದಿನವೂ ಎಲ್‌ಟಿಟಿಇ ಭಾರತದಲ್ಲಿ ನಿಷೇಧಿತ ಗುಂಪಾಗಿರಲಿಲ್ಲ. ಹುಲಿಗಳ ಸದಸ್ಯನಾಗಿರುವುದು ತನ್ನಷ್ಟಕ್ಕೆ ಅಪರಾಧವಲ್ಲದ ಕಾಲ ಅದು. ಆದ್ದರಿಂದ ಮನೆ ಕೊಡಿಸಿದವರು, ವಾಹನ ಒದಗಿಸಿದವರು, ಕಾಗದ ಮುಟ್ಟಿಸಿದವರು ಎಲ್ಲರೂ ಕೊಲೆಯ ಸಂಚಿನಲ್ಲಿ ಪಾಲುದಾರರೆಂದು, ಜೊತೆಗೆ ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ, ವಿಚಾರಣೆ ಎದುರಿಸಬೇಕಾಯಿತು. 1998ರ ಜನವರಿ 28ರಂದು ವಿಶೇಷ ನ್ಯಾಯಾಲಯ 26 ಆರೋಪಿಗಳಿಗೂ ಮರಣದಂಡನೆ ವಿಧಿಸಿತು. 1999ರ ಮೇ 11ರಂದು ನ್ಯಾಯಮೂರ್ತಿಗಳಾದ ಕೆ. ಟಿ. ಥಾಮಸ್, ಡಿ. ಪಿ. ವಾಧ್ವಾ ಮತ್ತು ಎಸ್. ಎಸ್. ಎಂ. ಕ್ವಾದ್ರಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ನಾಲ್ವರ ಮರಣದಂಡನೆಯನ್ನು ಉಳಿಸಿ, ಮೂವರದನ್ನು ಜೀವಾವಧಿಗೆ ಇಳಿಸಿ, 19 ಮಂದಿಯನ್ನು ಬಿಡುಗಡೆ ಮಾಡಿತು. ಕೋಣನಕುಂಟೆಯ ಮನೆ ಒದಗಿಸಿದ ಆರೋಪ ಹೊತ್ತಿದ್ದವರೂ ಬಿಡುಗಡೆಯಾದವರಲ್ಲಿದ್ದರು. ಹತ್ಯೆಯ ಗುರಿ ಒಬ್ಬ ವ್ಯಕ್ತಿಯಾಗಿದ್ದರು, ಸರ್ಕಾರವನ್ನು ಬೆದರಿಸುವ ಉದ್ದೇಶ ಸಾಬೀತಾಗಿಲ್ಲ, ಹೀಗಾಗಿ ಟಾಡಾ ಅಪರಾಧಗಳು ನಿಲ್ಲುವುದಿಲ್ಲ ಎಂದಿತು ಪೀಠ. ದೇಶವನ್ನು ನಡುಗಿಸಿದ ಕೊಲೆ ಕಾನೂನಿನ ಕಣ್ಣಿನಲ್ಲಿ ಭಯೋತ್ಪಾದನಾ ಕೃತ್ಯ ಎನಿಸಲಿಲ್ಲ. ಉಳಿದಿದ್ದ ಅಪರಾಧಿಗಳೂ 2022ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಹೊರಬಂದರು.

1992ರ ಅಧಿಸೂಚನೆ

ಎಲ್‌ಟಿಟಿಇಯನ್ನು ಕಾನೂನುಬಾಹಿರ ಸಂಘಟನೆ ಎಂದು ಕೇಂದ್ರ ಸರ್ಕಾರ ಘೋಷಿಸಿದ್ದು 1992ರ ಮೇ 14ರಂದು, ಹತ್ಯೆಗೆ ವರ್ಷ ತುಂಬಲು ವಾರ ಬಾಕಿ ಇದ್ದಾಗ. ಬಳಸಿದ್ದು ಯುಎಪಿಎಯ ಎರಡನೇ ಅಧ್ಯಾಯ. ಇದರ ಕ್ರಮ ಹೀಗಿದೆ: ಸರ್ಕಾರ ಕಾರಣ ಕೊಟ್ಟು ಅಧಿಸೂಚನೆ ಹೊರಡಿಸುತ್ತದೆ, ಮೂವತ್ತು ದಿನದೊಳಗೆ ಅದನ್ನು ನ್ಯಾಯಮಂಡಳಿಯ ಮುಂದಿಡುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರೇ ಆ ಮಂಡಳಿ. ಅವರು ಸಂಘಟನೆಗೆ ನೋಟಿಸ್ ಕೊಟ್ಟು, ಸಾಕ್ಷ್ಯ ನೋಡಿ, ಆರು ತಿಂಗಳೊಳಗೆ ನಿಷೇಧ ಸರಿಯೋ ತಪ್ಪೋ ಹೇಳಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುತ್ತದೆಂದು ಸರ್ಕಾರ ಕೆಲವು ಸಂಗತಿಗಳನ್ನು ಬಹಿರಂಗಪಡಿಸದೆ ಉಳಿಸಿಕೊಳ್ಳಬಹುದು.

ಇಲ್ಲೊಂದು ತೊಡಕಿದೆ. ಈ ಅಧ್ಯಾಯ ಮೂಲತಃ ಭಾರತದಿಂದ ಒಡೆದುಹೋಗಬೇಕೆನ್ನುವ ಗುಂಪುಗಳಿಗೆ ಬರೆದದ್ದು. ಭಾರತದ ಭೂಭಾಗ ಬೇರ್ಪಡಿಸುವ, ಸಾರ್ವಭೌಮತೆಯನ್ನು ಪ್ರಶ್ನಿಸುವ ಕೆಲಸವೇ ಅದರಲ್ಲಿ ಕಾನೂನುಬಾಹಿರ ಚಟುವಟಿಕೆ. ಎಲ್‌ಟಿಟಿಇ ಕೇಳಿದ ಪ್ರತ್ಯೇಕ ತಮಿಳು ನಾಡು, ಈಳಂ, ಲಂಕೆಯ ಉತ್ತರ ಮತ್ತು ಪೂರ್ವದಲ್ಲಿತ್ತು. ಆದ್ದರಿಂದ ತಮಿಳರೆಲ್ಲರಿಗೂ ಒಂದು ತಾಯ್ನಾಡು ಎಂಬ ಆ ಸಂಘಟನೆಯ ಕಲ್ಪನೆ ಭಾರತದ ಅಖಂಡತೆಗೂ ಬೆದರಿಕೆ ಎಂದು ಸರ್ಕಾರ ವಾದಿಸಬೇಕಾಯಿತು. ಪ್ರತಿ ಸಲದ ಅಧಿಸೂಚನೆಯಲ್ಲೂ ಈ ವಾದ ಬರುತ್ತದೆ. ಎಂಡಿಎಂಕೆ ನಾಯಕ ವೈಕೊ ನ್ಯಾಯಮಂಡಳಿಗಳ ಮುಂದೆ ಹಾಜರಾಗಿ ಮತ್ತೆಮತ್ತೆ ಪ್ರಶ್ನಿಸಿದ್ದೂ ಇದನ್ನೇ: ಈಳದ ನಕ್ಷೆಯಲ್ಲಿ ಭಾರತದ ಒಂದು ಗೇಣು ನೆಲವೂ ಇಲ್ಲ ಎಂಬುದು ಅವರ ನಿಲುವು. ಮಂಡಳಿಗಳು ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟಿವೆ.

ಮೊದಲು ಇಂಥ ನಿಷೇಧದ ಆಯುಷ್ಯ ಎರಡು ವರ್ಷ. ಯುಎಪಿಎ ತಿದ್ದುಪಡಿ 2013ರಲ್ಲಿ ಜಾರಿಗೆ ಬಂದ ಮೇಲೆ ಐದು ವರ್ಷವಾಯಿತು. ಎರಡು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತ ಬಂದ ಎಲ್‌ಟಿಟಿಇ ನಿಷೇಧ 2014, 2019 ಮತ್ತು 2024ರ ಮೇ ತಿಂಗಳಲ್ಲಿ ಐದೈದು ವರ್ಷಕ್ಕೆ ಮುಂದುವರಿಯಿತು. ಈ ನಡುವೆ 2009ರ ಮೇನಲ್ಲಿ ಮುಳ್ಳಿವಾಯ್ಕಾಲಿನ ಬಳಿ ಲಂಕಾ ಸೇನೆ ಪ್ರಭಾಕರನ್ ಅವರನ್ನು ಕೊಂದು ಸಂಘಟನೆಯನ್ನು ನಿರ್ನಾಮ ಮಾಡಿತ್ತು. ಸತ್ತ ಸಂಘಟನೆಗೆ ನಿಷೇಧವೇಕೆ ಎಂದು ಕೇಳುವವರಿಗೆ ಸರ್ಕಾರದ ಉತ್ತರ: ಹೊರದೇಶಗಳಲ್ಲಿರುವ ಅದರ ಬೆಂಬಲಿಗರು ಹಣ ಮತ್ತು ಪ್ರಚಾರದ ಜಾಲವನ್ನು ಜೀವಂತ ಇಟ್ಟಿದ್ದಾರೆ, ಮತ್ತೆ ತಲೆಯೆತ್ತಬಹುದು. ಈ ಉತ್ತರದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ‘ಮತ್ತೆ ತಲೆಯೆತ್ತಬಹುದು’ ಎಂಬ ಕಾರಣಕ್ಕೆ ಕೊನೆಯ ದಿನಾಂಕ ಎಂಬುದೇ ಇರುವುದಿಲ್ಲ ಎನ್ನುವುದನ್ನೂ ಒಪ್ಪಿಕೊಳ್ಳಬೇಕು.

ಪೋಟಾ, ರಾಜಕುಮಾರ್ ಅಪಹರಣ ಮತ್ತು ಮಾತಿನ ಅಪರಾಧ

ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ ದಾಳಿ ನಡೆದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1373ನೇ ನಿರ್ಣಯದ ಮೂಲಕ ಎಲ್ಲ ದೇಶಗಳೂ ಭಯೋತ್ಪಾದನೆಗೆ ಹಣ ಹರಿಯುವುದನ್ನು ತಡೆಯಬೇಕೆಂದಿತು. ಭಾರತ ಅಕ್ಟೋಬರ್‌ನಲ್ಲಿ ಭಯೋತ್ಪಾದನೆ ತಡೆಯುವ ಪೋಟಾ ಸುಗ್ರೀವಾಜ್ಞೆ ತಂದಿತು. ಅದರ ಅನುಸೂಚಿಯಲ್ಲಿ 23 ಸಂಘಟನೆಗಳು. ಲಷ್ಕರ್, ಜೈಷ್ ಜೊತೆಗೆ ಎಲ್‌ಟಿಟಿಇಯೂ ಇತ್ತು. 2000ದಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರಿನ ಚರ್ಚ್‌ಗಳಲ್ಲಿ ನಡೆದ ಸ್ಫೋಟಗಳಿಂದ ಕರ್ನಾಟಕಕ್ಕೆ ಪರಿಚಿತವಾಗಿದ್ದ ದೀನ್‌ದಾರ್ ಅಂಜುಮನ್ ಕೂಡ ಇತ್ತು.

2002ರಲ್ಲಿ ಆ ಪಟ್ಟಿಗೆ ಇನ್ನೆರಡು ಹೆಸರು ಸೇರಿದವು: ತಮಿಳುನಾಡು ವಿಮೋಚನಾ ಸೇನೆ ಮತ್ತು ತಮಿಳು ರಾಷ್ಟ್ರೀಯ ಮರುವಶ ಪಡೆ. ಇವು ವಿದೇಶಿ ಗುಂಪುಗಳಲ್ಲ, ಆದರೆ ಹುಲಿಗಳನ್ನು ಆದರ್ಶವಾಗಿಟ್ಟುಕೊಂಡವು. ಇವುಗಳ ಜನ ಕಾಡುಗಳ್ಳ ವೀರಪ್ಪನ್ ಜೊತೆ ಕಾಡಿನಲ್ಲಿದ್ದರು. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ನಟ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಒಯ್ದ ಮೇಲೆ ಬಂದ ಬೇಡಿಕೆಗಳ ಪಟ್ಟಿಯಲ್ಲಿ ಈ ಗುಂಪುಗಳ ಕೈದಿಗಳ ಬಿಡುಗಡೆಯೂ ಇತ್ತು, ಮೈಸೂರು ಜೈಲಿನಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆಯೂ ಇತ್ತು. ಕರ್ನಾಟಕ ಸರ್ಕಾರ 51 ಮಂದಿಯ ಮೇಲಿನ ಟಾಡಾ ಆರೋಪ ಹಿಂತೆಗೆದುಕೊಳ್ಳಲು ಮುಂದಾಯಿತು. ವೀರಪ್ಪನ್ ಗುಂಪಿನಿಂದ ಹತರಾದ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಷಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ನವೆಂಬರ್ 7ರಂದು ಕೋರ್ಟ್ ಆ ಬಿಡುಗಡೆಗೆ ಅವಕಾಶ ಕೊಡಲಿಲ್ಲ. ನಾಡೇ ಉಸಿರು ಬಿಗಿಹಿಡಿದಿದ್ದ ಹೊತ್ತಿನಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಕಾನೂನಿನ ಪರ ನಿಂತದ್ದನ್ನು ಕರ್ನಾಟಕ ಮರೆಯಬಾರದು. ನವೆಂಬರ್ 15ರಂದು, 108 ದಿನಗಳ ನಂತರ, ರಾಜಕುಮಾರ್ ಮರಳಿದರು. ಕೊನೆಯ ಹಂತದ ಸಂಧಾನಕ್ಕೆ ಕಾಡಿಗೆ ಹೋದವರು ತಮಿಳುನಾಡಿನ ನಾಯಕ ಪಿ. ನೆಡುಮಾರನ್.

ಎರಡು ರಾಜ್ಯಗಳು ನೆಚ್ಚಿಕೊಂಡಿದ್ದ ಅದೇ ನೆಡುಮಾರನ್ 2002ರಲ್ಲಿ ಎಲ್‌ಟಿಟಿಇ ಪರ ಮಾತಾಡಿದ್ದಕ್ಕೆ ಪೋಟಾ ಅಡಿ ಬಂಧನಕ್ಕೊಳಗಾದರು. ಅದಕ್ಕೆ ಸ್ವಲ್ಪ ಮೊದಲು ಲೋಕಸಭಾ ಸದಸ್ಯರಾಗಿದ್ದ ವೈಕೊ ತಿರುಮಂಗಲಂನಲ್ಲಿ ಮಾಡಿದ ಭಾಷಣಕ್ಕಾಗಿ ಬಂಧಿತರಾಗಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. 2003ರ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟ್ ಪೋಟಾ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ, ನಿಷೇಧಿತ ಸಂಘಟನೆಗೆ ಬೆಂಬಲದ ಮಾತಾಡಿದ ಮಾತ್ರಕ್ಕೆ ಅಪರಾಧವಾಗದು, ಅದರ ಕೃತ್ಯಗಳನ್ನು ಮುಂದುವರಿಸುವ ಉದ್ದೇಶ ಇರಬೇಕು ಎಂದು ಸ್ಪಷ್ಟಪಡಿಸಿತು. ಈ ಲೇಖನದ ವಿಷಯದಲ್ಲಿ ಭಾರತದ ನ್ಯಾಯಾಲಯ ಹೇಳಿದ ಅತಿ ಮುಖ್ಯ ಮಾತು ಇದು.

2004ರಲ್ಲಿ ಪೋಟಾ ರದ್ದಾಯಿತು, ಸಂಘಟನೆಗಳನ್ನು ಹೆಸರಿಸುವ ಅದರ ಭಾಗ ಯುಎಪಿಎಯ ಆರನೇ ಅಧ್ಯಾಯವಾಗಿ ಬಂದು ಕೂತಿತು. 35ನೇ ಕಲಮಿನಡಿ ಕೇಂದ್ರ ಸರ್ಕಾರ ಯಾವುದೇ ಸಂಘಟನೆಯನ್ನು ಮೊದಲ ಅನುಸೂಚಿಗೆ ಸೇರಿಸಬಹುದು. ಭಾರತದಲ್ಲಾಗಲಿ ಬೇರೆ ದೇಶದಲ್ಲಾಗಲಿ ನಡೆದ ಭಯೋತ್ಪಾದನಾ ಕೃತ್ಯ ಇದಕ್ಕೆ ಸಾಕು, ಆದ್ದರಿಂದ ಎರಡನೇ ಅಧ್ಯಾಯದ ತೊಡಕು ಇಲ್ಲಿಲ್ಲ. ನ್ಯಾಯಮಂಡಳಿಯೂ ಇಲ್ಲ, ಅವಧಿಯೂ ಇಲ್ಲ. ಸದಸ್ಯತ್ವಕ್ಕೆ 38ನೇ ಕಲಂ, ಬೆಂಬಲಕ್ಕೆ 39, ಎರಡಕ್ಕೂ ಹತ್ತು ವರ್ಷದವರೆಗೆ ಸಜೆ. ಹಣ ಸಂಗ್ರಹಕ್ಕೆ 40ನೇ ಕಲಂ, ಹದಿನಾಲ್ಕು ವರ್ಷದವರೆಗೆ. ಈಗ ಅನುಸೂಚಿಯಲ್ಲಿ 40ಕ್ಕೂ ಹೆಚ್ಚು ಸಂಘಟನೆಗಳಿವೆ. 2019ರ ತಿದ್ದುಪಡಿಯಿಂದ ಒಬ್ಬ ವ್ಯಕ್ತಿಯನ್ನೂ ಹೀಗೆ ಹೆಸರಿಸಬಹುದಾಯಿತು. ಎರಡು ಅಧ್ಯಾಯಗಳನ್ನು ಪತ್ರಿಕೆಗಳು ಒಂದೇ ಎಂಬಂತೆ ಬರೆಯುವುದುಂಟು. ಉದಾಹರಣೆಗೆ, 2022ರ ಸೆಪ್ಟೆಂಬರ್ 28ರಂದು ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾ (ಪಿಎಫ್‌ಐ) ಮೇಲೆ ಬಿದ್ದದ್ದು ಎರಡನೇ ಅಧ್ಯಾಯದ ಐದು ವರ್ಷದ ನಿಷೇಧ. ಎಲ್‌ಟಿಟಿಇ ಎರಡೂ ಅಧ್ಯಾಯಗಳಲ್ಲಿ ಏಕಕಾಲಕ್ಕೆ ಸಿಕ್ಕಿರುವ ಗುಂಪು.

ಸದಸ್ಯತ್ವದ ಪ್ರಶ್ನೆ ಇಂದಿಗೂ ತಿಳಿಯಾಗಿಲ್ಲ. 2011ರ ಅರೂಪ್ ಭುಯಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬರೀ ಸದಸ್ಯತ್ವ ಅಪರಾಧವಲ್ಲ ಎಂದಿತ್ತು. 2023ರ ಮಾರ್ಚ್ 24ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಕಾನೂನುಬಾಹಿರ ಸಂಘಟನೆಯ ಸದಸ್ಯನಾಗಿ ಮುಂದುವರಿಯುವುದೇ ಅಪರಾಧ ಎಂದಿತು. ಇನ್ನೊಂದೆಡೆ 2021ರ ಥ್ವಾಹಾ ಫಸಲ್ ತೀರ್ಪು 38 ಮತ್ತು 39ನೇ ಕಲಮುಗಳಿಗೆ ಸಂಘಟನೆಯ ಕೃತ್ಯಗಳನ್ನು ಮುಂದುವರಿಸುವ ಉದ್ದೇಶ ಅಗತ್ಯ ಎನ್ನುತ್ತದೆ. ಜಾಮೀನಿನ ಮಟ್ಟಿಗೆ 43ಡಿ(5) ಕಲಂ ಎಷ್ಟು ಬಿಗಿಯಾಗಿದೆಯೆಂದರೆ, ತೀರ್ಪು ಬರುವ ಮೊದಲೇ ಶಿಕ್ಷೆಯ ಬಹುಭಾಗ ಜೈಲಿನಲ್ಲಿ ಕಳೆದುಹೋಗುತ್ತದೆ. ಈ ಕಾಯ್ದೆಯ ನಿಜವಾದ ಭಾರ ಇಲ್ಲಿದೆ.

ಹೊರದೇಶಗಳ ಪಟ್ಟಿಗಳು

ಅಮೆರಿಕ 1996ರ ಕಾನೂನಿನಡಿ 1997ರ ಅಕ್ಟೋಬರ್ 8ರಂದು ಹೊರಡಿಸಿದ ಮೊದಲ ಪಟ್ಟಿಯಲ್ಲೇ ಎಲ್‌ಟಿಟಿಇ ಇತ್ತು. ಬ್ರಿಟನ್ 2001ರಲ್ಲಿ, ಕೆನಡಾ ಮತ್ತು ಯುರೋಪಿಯನ್ ಒಕ್ಕೂಟ 2006ರಲ್ಲಿ ಅನುಸರಿಸಿದವು. ಹುಲಿಗಳು ಅಮೆರಿಕದ ಕೋರ್ಟಿಗೆ ಹೋದಾಗ, ಅಲ್ಲಿ ನೆಲೆಯಾಗಲಿ ಆಸ್ತಿಯಾಗಲಿ ಇಲ್ಲದ ವಿದೇಶಿ ಗುಂಪಿಗೆ ಅಮೆರಿಕದ ಸಂವಿಧಾನದ ನ್ಯಾಯವಿಧಾನದ ರಕ್ಷಣೆ ಸಿಗದು ಎಂಬ ಉತ್ತರ 1999ರಲ್ಲಿ ಬಂತು. 2010ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಎಲ್‌ಟಿಟಿಇ ಮತ್ತು ಕುರ್ದರ ಪಿಕೆಕೆಗೆ ವಿವಾದಗಳನ್ನು ಶಾಂತಿಯುತವಾಗಿ ಬಗೆಹರಿಸುವ ಬಗೆ ಕಲಿಸಲು ಬಯಸಿದ ಮಾನವ ಹಕ್ಕು ಸಂಸ್ಥೆಯೊಂದಕ್ಕೆ, ಆ ಪಾಠವೂ ನೆರವೇ ಆಗುತ್ತದೆ ಎಂದು ಆರು–ಮೂರರ ಬಹುಮತದಿಂದ ಹೇಳಿತು. ಯುರೋಪಿನಲ್ಲಿ ಗಾಳಿ ಬೇರೆ ಕಡೆಯಿಂದ ಬೀಸಿತು: ಒಕ್ಕೂಟದ ನ್ಯಾಯಾಲಯ 2014ರಲ್ಲಿ, ಮೇಲ್ಮನವಿಯ ನಂತರ ಮತ್ತೆ 2017ರ ಜುಲೈನಲ್ಲಿ, ಕೆಲವು ವರ್ಷಗಳ ಪಟ್ಟೀಕರಣದ ಕ್ರಮವೇ ಸರಿಯಿಲ್ಲವೆಂದು ರದ್ದುಪಡಿಸಿತು.

ಲಂಕೆಯ ಉದಾಹರಣೆ ಎಲ್ಲಕ್ಕಿಂತ ಕಲಿಸುವಂಥದು. ಕ್ಯಾಂಡಿಯ ದಂತ ದೇಗುಲದ ಮೇಲೆ 1998ರ ಜನವರಿ 25ರಂದು ದಾಳಿಯಾದ ಮೇಲೆ ಅಲ್ಲಿನ ಸರ್ಕಾರ ಹುಲಿಗಳನ್ನು ನಿಷೇಧಿಸಿತು. 2002ರ ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡಿನಲ್ಲಿ ಶಾಂತಿ ಮಾತುಕತೆ ಶುರುವಾಗಬೇಕಿದ್ದಾಗ ತೆಗೆಯಿತು, ಯುದ್ಧ ಕೊನೆಮುಟ್ಟುತ್ತಿದ್ದ 2009ರ ಜನವರಿಯಲ್ಲಿ ಮತ್ತೆ ಹೇರಿತು. ಅಪರಾಧಿ ಎಂದು ಘೋಷಿಸಿದವರೊಂದಿಗೆ ಸರ್ಕಾರ ಮೇಜಿನ ಮುಂದೆ ಕೂರುವುದು ಕಷ್ಟ. ಕೂರಬೇಕೆಂದಾಗ ಘೋಷಣೆಯನ್ನೇ ಹಿಂತೆಗೆದುಕೊಳ್ಳಬೇಕಾಗುತ್ತದೆ.

ಉತ್ತರ ಬೆಂಗಳೂರು

2005ರ ಡಿಸೆಂಬರ್ 28ರ ಸಂಜೆ ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸಮ್ಮೇಳನ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡಿನ ದಾಳಿ ನಡೆದು ದೆಹಲಿ ಐಐಟಿಯ ನಿವೃತ್ತ ಪ್ರಾಧ್ಯಾಪಕ ಎಂ. ಸಿ. ಪುರಿ ತೀರಿಕೊಂಡರು. ತನಿಖೆ ಲಷ್ಕರ್ ನಂಟಿನತ್ತ ಬೊಟ್ಟು ಮಾಡಿತು. ಲಷ್ಕರ್ ಅಷ್ಟರಲ್ಲಿ ಭಾರತ, ಅಮೆರಿಕ, ವಿಶ್ವಸಂಸ್ಥೆ ಮೂರರ ಪಟ್ಟಿಯಲ್ಲೂ ಇತ್ತು. ಪಟ್ಟಿ ಹಣದ ದಾರಿಗಳನ್ನು ಕಟ್ಟಬಲ್ಲದು, ತನಿಖೆಗೆ ನೆರವಾಗಬಲ್ಲದು. ಬಂದೂಕು ಹಿಡಿದು ಹೊರಟವನನ್ನು ಅದು ತಡೆಯುವುದಿಲ್ಲ, ಆ ಕೆಲಸ ಪೊಲೀಸರದ್ದೇ.

2014ರ ಡಿಸೆಂಬರ್‌ನಲ್ಲಿ ಜಾಲಹಳ್ಳಿಯ ಬಾಡಿಗೆ ಮನೆಯೊಂದರಿಂದ ಒಬ್ಬ ಯುವಕನನ್ನು ಪೊಲೀಸರು ಬಂಧಿಸಿದರು. ಹಗಲು ಕಂಪನಿ ಕೆಲಸ, ರಾತ್ರಿ ‘ಶಮಿ ವಿಟ್ನೆಸ್’ ಎಂಬ ಟ್ವಿಟರ್ ಖಾತೆಯಿಂದ ಇಸ್ಲಾಮಿಕ್ ಸ್ಟೇಟ್ ಪರ ಪ್ರಚಾರ ಎಂಬ ಆರೋಪ. ಬ್ರಿಟನ್ನಿನ ಟಿವಿ ವಾಹಿನಿಯೊಂದು ಸುದ್ದಿ ಮಾಡುವವರೆಗೆ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯುಎಪಿಎ ಜೊತೆಗೆ ಆತನ ಮೇಲೆ ಹೊರಿಸಿದ ಕಲಮುಗಳಲ್ಲಿ ಒಂದು, 1860ರ ದಂಡ ಸಂಹಿತೆಯ 125: ಭಾರತದೊಂದಿಗೆ ಸ್ನೇಹದಿಂದಿರುವ ಏಷ್ಯಾದ ರಾಷ್ಟ್ರದ ವಿರುದ್ಧ ಯುದ್ಧ ಸಾರುವುದು. ಇಸ್ಲಾಮಿಕ್ ಸ್ಟೇಟ್‌ನ ಹೆಸರು ಅನುಸೂಚಿಯಲ್ಲಿ ಪ್ರತ್ಯೇಕವಾಗಿ ಬಂದದ್ದು 2015ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲು ವಿಶ್ವಸಂಸ್ಥೆ ಪಟ್ಟಿಯಲ್ಲಿರುವ ಎಲ್ಲವನ್ನೂ ಒಟ್ಟಾಗಿ ಸೇರಿಸಿಕೊಳ್ಳುವ ಒಂದು ನಮೂದಷ್ಟೇ ಇತ್ತು. ಸಿರಿಯಾದಲ್ಲಿ ನಡೆಯುತ್ತಿದ್ದ ಯುದ್ಧಕ್ಕೂ ಜಾಲಹಳ್ಳಿಯ ಒಂದು ಕೋಣೆಗೂ ನಡುವೆ ಇದ್ದದ್ದು ಮೊಬೈಲ್ ಮಾತ್ರ. ಇಂಥ ನಂಟನ್ನು ಅಳೆಯಲು 1967ರ ಕಾಯ್ದೆ ಹೆಣಗಾಡುವುದು ಸಹಜ.

ಯಲಹಂಕ ದಾಟಿ ವಿಮಾನ ನಿಲ್ದಾಣದ ದಾರಿಯಲ್ಲಿ ಸಿಗುವ ಹುಣಸಮಾರನಹಳ್ಳಿಗೆ ಇಂಥ ಯಾವ ಪ್ರಕರಣದ ಕಳಂಕವೂ ಅಂಟಿಲ್ಲ. ಆದರೆ ಈ ಕಾನೂನು ಎಲ್ಲಿ ಮನೆಬಾಗಿಲಿಗೆ ಬರುತ್ತದೆ ಎಂಬುದನ್ನು ಅರಿಯಲು ಅಂಥ ಊರೇ ತಕ್ಕದ್ದು. ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಮಹಾವಿದ್ಯಾಲಯ ಇರುವ ಊರು, ಹೊರರಾಜ್ಯದ ವಿದ್ಯಾರ್ಥಿಗಳು, ವಿಮಾನ ನಿಲ್ದಾಣದ ಕೆಲಸಗಾರರು, ಪಿ.ಜಿ.ಗಳು, ಮನೆಯ ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟ ಹಳೆಯ ಒಕ್ಕಲು ಕುಟುಂಬಗಳು. ಬಾಡಿಗೆದಾರನ ಆಧಾರ್ ಪ್ರತಿ ಇಟ್ಟುಕೊಳ್ಳಿ, ಠಾಣೆಗೆ ತಿಳಿಸಿ ಎಂದು ಪೊಲೀಸರು ಹೇಳಿದಾಗ ಮಾಲೀಕರಿಗೆ ಭಯವಾಗುವುದುಂಟು. ಕಾನೂನು ಹೇಳುವುದು ಇಷ್ಟು: ಆಶ್ರಯ ಕೊಟ್ಟ ಅಪರಾಧಕ್ಕೆ 19ನೇ ಕಲಂ ಇದೆ, ಮೂರು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ, ಆದರೆ ಆತ ಭಯೋತ್ಪಾದಕ ಎಂದು ಗೊತ್ತಿದ್ದೂ ಸ್ವಇಚ್ಛೆಯಿಂದ ಅಡಗಿಸಿಟ್ಟರೆ ಮಾತ್ರ. ಗೊತ್ತಿಲ್ಲದೆ ಮನೆ ಕೊಟ್ಟವರು ಅಪರಾಧಿಗಳಲ್ಲ. ಇದು ಪ್ರತಿ ಮನೆ ಮಾಲೀಕರಿಗೂ ತಿಳಿದಿರಬೇಕು. ತಿಳಿಯದಿದ್ದರೆ ಭಯ ತಿರುಗುವುದು ಕಾಶ್ಮೀರದ ಹುಡುಗನ ಮೇಲೆ, ಈಶಾನ್ಯದ ಹುಡುಗಿಯ ಮೇಲೆ. ಮನೆ ಖಾಲಿಯಿಲ್ಲ ಎಂಬ ಉತ್ತರ ಸಿಗುವುದು ಅವರಿಗೇ.

ಹೆಸರಿನ ಹೊರೆ

ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಲಂಕೆಯಿಂದ ಬಂದ ತಮಿಳು ಕುಟುಂಬಗಳಿವೆ. ಬ್ರಿಟಿಷರ ಕಾಲದಲ್ಲಿ ಚಹಾ ತೋಟಗಳಿಗೆ ಹೋಗಿದ್ದ ಭಾರತ ಮೂಲದ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಇವರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ ಮರಳಿ ಕಳಿಸಲ್ಪಟ್ಟವರು. ಜಾಫ್ನಾದ ಯುದ್ಧಕ್ಕೂ ಇವರಿಗೂ ಸಂಬಂಧವಿಲ್ಲ. ಲಂಕಾ ತಮಿಳ ಎಂಬ ಒಂದೇ ಮಾತಿನಲ್ಲಿ ಇಬ್ಬರನ್ನೂ ಸೇರಿಸಿಬಿಡುವುದು ಅನ್ಯಾಯ.

ಭಟ್ಕಳದ್ದು ಇನ್ನೊಂದು ಬಗೆ. ಅಲ್ಲಿ ಹುಟ್ಟಿದ ಕೆಲವರು ಕಟ್ಟಿದರೆನ್ನಲಾದ ಇಂಡಿಯನ್ ಮುಜಾಹಿದೀನ್ ಅನ್ನು ಭಾರತ 2010ರ ಜೂನ್‌ನಲ್ಲಿ ಅನುಸೂಚಿಗೆ ಸೇರಿಸಿತು. 2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕ, 2012ರಲ್ಲಿ ಬ್ರಿಟನ್ ಸೇರಿಸಿದವು. ಕರಾವಳಿಯ ಊರೊಂದರ ನಂಟಿನ ಗುಂಪು ವಾಷಿಂಗ್ಟನ್ನಿಗೆ ವಿದೇಶಿ ಸಂಘಟನೆಯಾಯಿತು. ಆರೋಪಿಗಳ ಹೆಸರಿನ ಕೊನೆಗೆ ಊರಿನ ಹೆಸರನ್ನು ಹಚ್ಚಿ ಬರೆಯುವ ರೂಢಿಯನ್ನು ಪತ್ರಿಕೆಗಳೂ ತನಿಖಾ ಸಂಸ್ಥೆಗಳೂ ಬೆಳೆಸಿದವು. ನವಾಯತರ ವ್ಯಾಪಾರ, ನೂಲು ಸೇಮಿಗೆ, ಹಳೆಯ ಜೈನ ಬಸದಿಗಳು, ಮಲ್ಲಿಗೆ ಹೂವಿನ ಊರು ದೇಶದ ಕಿವಿಯಲ್ಲಿ ಒಂದು ಆರೋಪಪಟ್ಟಿಯ ಅಡ್ಡಹೆಸರಾಯಿತು. ಅಲ್ಲಿನವರು ಇದಕ್ಕೆ ನೊಂದುಕೊಂಡದ್ದು ನ್ಯಾಯವಾಗಿಯೇ ಇದೆ. ಅನುಸೂಚಿಯಲ್ಲಿ ಬರುವುದು ಸಂಘಟನೆಯ ಹೆಸರು, ಊರಿನದಲ್ಲ.

ಪಟ್ಟಿಯಿಂದ ಹೊರಬರುವ ದಾರಿ

ಮೊದಲ ಅನುಸೂಚಿಯಲ್ಲಿರುವ ಸಂಘಟನೆ, ಅಥವಾ ಪಟ್ಟೀಕರಣದಿಂದ ಬಾಧಿತನಾದ ಯಾರೇ ಆಗಲಿ, 36ನೇ ಕಲಮಿನಂತೆ ಹೆಸರು ತೆಗೆಯಲು ಸರ್ಕಾರಕ್ಕೆ ಅರ್ಜಿ ಹಾಕಬಹುದು. ನಿರಾಕರಿಸಿದರೆ ಒಂದು ತಿಂಗಳೊಳಗೆ ಪರಿಶೀಲನಾ ಸಮಿತಿಗೆ ಹೋಗಬಹುದು. ಅದರ ಅಧ್ಯಕ್ಷರು ಹಾಲಿ ಅಥವಾ ಮಾಜಿ ಹೈಕೋರ್ಟ್ ನ್ಯಾಯಮೂರ್ತಿ. ಕಾಗದದ ಮೇಲೆ ದಾರಿ ನೇರವಾಗಿದೆ. ನಡೆಯುವವರು ಯಾರು? ಸದಸ್ಯನೆಂದು ಹೇಳಿಕೊಂಡು ಅರ್ಜಿ ಹಾಕುವವನು ಅಪರಾಧವನ್ನೇ ಒಪ್ಪಿಕೊಂಡಂತೆ. ಸದಸ್ಯನಲ್ಲ ಎನ್ನುವವನಿಗೆ ಅರ್ಜಿ ಹಾಕುವ ಹಕ್ಕೇನು ಎಂಬ ಪ್ರಶ್ನೆ ಬರುತ್ತದೆ. ಎರಡನೇ ಅಧ್ಯಾಯದ ನ್ಯಾಯಮಂಡಳಿಯ ಮುಂದೆಯೂ ಇಂಥದೇ ತೊಡಕು. ಅಮೆರಿಕದಲ್ಲಿರುವ ವಕೀಲ, ದೇಶಾಂತರ ತಮಿಳು ಈಳಂ ಸರ್ಕಾರ ಎಂದು ಕರೆದುಕೊಳ್ಳುವ ಸಂಸ್ಥೆಯ ಮುಖ್ಯಸ್ಥ ವಿಶ್ವನಾಥನ್ ರುದ್ರಕುಮಾರನ್ 2024ರ ನ್ಯಾಯಮಂಡಳಿಯ ಮುಂದೆ ತಮ್ಮ ವಾದ ಕೇಳಿ ಎಂದಾಗ, ಅವರು ಎಲ್‌ಟಿಟಿಇ ಸದಸ್ಯರಲ್ಲ ಎಂಬ ಕಾರಣಕ್ಕೆ ಮಂಡಳಿ ಒಪ್ಪಲಿಲ್ಲ. ದೆಹಲಿ ಹೈಕೋರ್ಟ್ ಕೂಡ ಮಧ್ಯೆ ಪ್ರವೇಶಿಸಲಿಲ್ಲ. ಸಂಘಟನೆಯ ಅಧಿಕೃತ ಪ್ರತಿನಿಧಿಯೇ ಇಲ್ಲದ ಕಟಕಟೆಯ ಮುಂದೆ ಸರ್ಕಾರ ತನ್ನ ಸಾಕ್ಷ್ಯ ಮಂಡಿಸುತ್ತ ಬಂದಿದೆ. ಇದನ್ನು ಸರಿಪಡಿಸಲು ಕಾಯ್ದೆ ಬದಲಿಸಬೇಕಾಗಿಲ್ಲ, ಎದುರುವಾದ ಮಂಡಿಸಲು ಮಂಡಳಿಯೇ ಒಬ್ಬ ಸ್ವತಂತ್ರ ವಕೀಲರನ್ನು ನೇಮಿಸಿಕೊಂಡರೂ ಸಾಕು.

2024ರ ಅಧಿಸೂಚನೆಯ ಐದು ವರ್ಷ 2029ರ ಮೇನಲ್ಲಿ ಮುಗಿಯುತ್ತದೆ. ಆಗ ಸರ್ಕಾರ ಅದನ್ನು ಮುಂದುವರಿಸದೆ ಬಿಟ್ಟರೂ ಮೊದಲ ಅನುಸೂಚಿಯಲ್ಲಿ ಎಲ್‌ಟಿಟಿಇ ಹೆಸರು ಹಾಗೆಯೇ ಉಳಿದಿರುತ್ತದೆ. ಅದನ್ನು ತೆಗೆಯಬೇಕಾದರೆ ಬೇರೆಯೇ ಅಧಿಸೂಚನೆ ಹೊರಡಬೇಕು.